ನೆಲಕ್ಕೆ ತಾಗದ ಕಲ್ಲು

ನಾನು ಓದಿದ ಕಾಲೇಜಿನ ಹಳೇ ಸೈನ್ಸ್ ಬ್ಲಾಕಿನಲ್ಲಿ ಒಂದು ಸಣ್ಣ ಕೋಣೆ ಇತ್ತು. ಕೆಮಿಸ್ಟ್ರಿ ಲ್ಯಾಬಿಗೆ ಅಂಟಿಕೊಂಡೇ ಇದ್ದರೂ ಅದಕ್ಕೆ ಬೇರೆ ಬಾಗಿಲು. ತಕ್ಕಡಿ ಕೋಣೆ ಅಂತ ಕರೆಯುತ್ತಿದ್ದೆವು. ಒಳಗೆ ಫ್ಯಾನ್ ಇರಲಿಲ್ಲ. ಗೋಡೆಯ ಉದ್ದಕ್ಕೂ ಒಂದು ಕರಿಕಲ್ಲಿನ ಚಪ್ಪಡಿ, ಅದರ ಮೇಲೆ ಗಾಜಿನ ಪೆಟ್ಟಿಗೆಯೊಳಗೆ ಕೂತ ಆರು ತಕ್ಕಡಿಗಳು. ಚಪ್ಪಡಿಯ ಕೆಳಗೆ ಮೂರು ಗಿಡ್ಡ ಕಲ್ಲುಕಂಬ. ನೆಲಕ್ಕೆ ಮರದ ಹಲಗೆ ಹಾಸಿದ್ದರು. ಆದರೆ ಹಲಗೆ ಕಂಬಕ್ಕೆ ತಾಗುತ್ತಿರಲಿಲ್ಲ. ಪ್ರತಿ ಕಂಬದ ಸುತ್ತಲೂ ಒಂದು ಬೆರಳು ತೂರುವಷ್ಟು ಸಂದು. ಪೆನ್ಸಿಲ್ ಕೈಜಾರಿದರೆ ಅಲ್ಲಿಗೇ ಉರುಳಿ ಹೋಗುತ್ತಿತ್ತು, ಮತ್ತೆ ಸಿಗುತ್ತಿರಲಿಲ್ಲ.

ಬಡಗಿ ಅಳತೆ ತಪ್ಪಿದ್ದಾನೆ ಅಂತ ನಾವೆಲ್ಲ ಅಂದುಕೊಂಡಿದ್ದೆವು.

ಅಲ್ಲಿ ಒಬ್ಬರು ಹಿರಿಯ ಲ್ಯಾಬ್ ಅಟೆಂಡರ್ ಇದ್ದರು. ರಿಟೈರ್ ಆಗಲು ಎರಡು ವರ್ಷ ಬಾಕಿ. ಒಂದು ದಿನ ಎಲ್ಲರೂ ಹೋದ ಮೇಲೆ ನಾನೊಬ್ಬನೇ ತೂಕ ಬರೆದುಕೊಳ್ಳುತ್ತಿದ್ದೆ. ಅವರನ್ನು ಆ ಸಂದಿನ ಬಗ್ಗೆ ಕೇಳಿದೆ. ಅವರು ಬಾಯಲ್ಲಿ ಏನೂ ಹೇಳಲಿಲ್ಲ. ಎರಡು ಪಿಂಗಾಣಿ ಬಟ್ಟಲು ತಂದರು. ಎರಡಕ್ಕೂ ಅಂಚಿನವರೆಗೆ ನೀರು ತುಂಬಿದರು. ಒಂದನ್ನು ಬಾಗಿಲ ಬಳಿಯ ಮರದ ಮೇಜಿನ ಮೇಲೆ ಇಟ್ಟರು, ಇನ್ನೊಂದನ್ನು ಕಲ್ಲಿನ ಮೇಲೆ.

"ಈಗ ಒಂದ್ಸಲ ಜೋರಾಗಿ ಕುಪ್ಪಳಿಸಪ್ಪ" ಅಂದರು.

ಕುಪ್ಪಳಿಸಿದೆ. ಹಲಗೆ ಗುಡುಗಿತು. ಮೇಜಿನ ಮೇಲಿದ್ದ ನೀರು ಉಂಗುರ ಉಂಗುರವಾಗಿ ನಡುಗಿ ಅಂಚಿನಿಂದ ಚೆಲ್ಲಿತು. ಕಲ್ಲಿನ ಮೇಲಿದ್ದ ಬಟ್ಟಲಿನಲ್ಲಿ ಕಿಟಕಿಯ ನೆರಳು ಬಿದ್ದಿತ್ತು. ಆ ನೆರಳು ಅಲುಗಲಿಲ್ಲ.

"ನೆಲದ ಪಾಯ ಬೇರೆ, ಕಲ್ಲಿನ ಪಾಯ ಬೇರೆ. ನೀವು ಓಡಾಡೋದು ಅದಕ್ಕೆ ಗೊತ್ತೇ ಆಗಲ್ಲ" ಅಂದು ಬಟ್ಟಲು ಎತ್ತಿಕೊಂಡು ಹೋದರು.

ಆವತ್ತಿನಿಂದ ಹಳೇ ಸೈನ್ಸ್ ಕಟ್ಟಡಗಳನ್ನು ನಾನು ನೋಡುವ ರೀತಿಯೇ ಬದಲಾಯಿತು. ಎಲ್ಲಿ ಹೋದರೂ ಮೊದಲು ಕಣ್ಣು ಹೋಗುವುದು ನೆಲದ ಕಡೆಗೆ. ಕಮಾನು, ಗೋಪುರ, ಬಾಗಿಲ ಮೇಲಿನ ಕೆತ್ತನೆ ಎಲ್ಲ ಆಮೇಲೆ.

ಆ ತಕ್ಕಡಿಯನ್ನು ಬಳಸಿದವರಿಗೆ ಈ ಜಾಗರೂಕತೆ ಯಾಕೆ ಅಂತ ಗೊತ್ತು. ಅದರ ದಂಡ ಅಗೇಟ್ ಕಲ್ಲಿನ ಒಂದು ಚೂಪು ಅಂಚಿನ ಮೇಲೆ ನಿಂತಿರುತ್ತದೆ. 0.0001 ಗ್ರಾಮಿನ ವ್ಯತ್ಯಾಸವನ್ನೂ ಅದು ಹೇಳಬೇಕು. ಬರಿಗೈಯಲ್ಲಿ ಮುಟ್ಟಿದರೆ ಬೆರಳಿನ ಜಿಡ್ಡೂ ತೂಕದಲ್ಲಿ ಸೇರಿಬಿಡುತ್ತದೆ. ಅದಕ್ಕೇ ತೂಕದ ಬಟ್ಟುಗಳನ್ನು ಚಿಮುಟದಲ್ಲೇ ಎತ್ತಬೇಕು. ಗಾಜಿನ ಬಾಗಿಲು ತೆರೆದಿದ್ದರೆ ನಮ್ಮ ಉಸಿರಿಗೇ ತಟ್ಟೆ ತೂಗಾಡುತ್ತದೆ. ಇಂಥ ವಸ್ತುವಿನ ಪಕ್ಕದ ಕೋಣೆಯಲ್ಲಿ ನಲವತ್ತು ಹುಡುಗರು ಓಡಾಡುತ್ತಿರುತ್ತಾರೆ. ಹಾಗಾಗಿ ತಕ್ಕಡಿ ಮಾಡಿದವನ ಕೆಲಸ ಅರ್ಧ, ಕಟ್ಟಡ ಕಟ್ಟಿದವನ ಕೆಲಸ ಇನ್ನರ್ಧ. ಆ ಕಲ್ಲು ಇಲ್ಲದಿದ್ದರೆ ತಕ್ಕಡಿಯೂ ಇಲ್ಲ. ಕಟ್ಟಡವೇ ಒಂದು ಉಪಕರಣ. ಅದನ್ನು ಹಾಗೆ ನೋಡಿದಾಗಲೇ ಅದರ ಒಂದೊಂದು ಭಾಗವೂ ಅರ್ಥವಾಗುತ್ತದೆ.

ಈ ಮಾತನ್ನು ಚೆನ್ನಾಗಿ ಅರಿತಿದ್ದವರು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಬೆಳಕು ಒಂದು ವಿದ್ಯುತ್ಕಾಂತೀಯ ಅಲೆ ಅಂತ ಗಣಿತದಲ್ಲಿ ತೋರಿಸಿದವರು. 1871ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಅವರನ್ನು ಪ್ರಯೋಗ ಭೌತಶಾಸ್ತ್ರದ ಮೊದಲ ಪ್ರೊಫೆಸರ್ ಆಗಿ ಕರೆಯಿತು. ಅಲ್ಲಿ ಆಗ ಲ್ಯಾಬೇ ಇರಲಿಲ್ಲ. ಡೆವನ್‌ಶೈರಿನ ಡ್ಯೂಕ್ ವಿಲಿಯಂ ಕ್ಯಾವೆಂಡಿಶ್ ಹಣ ಕೊಟ್ಟರು. ಮ್ಯಾಕ್ಸ್‌ವೆಲ್ ಮೊದಲು ಗ್ಲಾಸ್ಗೋ, ಆಕ್ಸ್‌ಫರ್ಡಿನ ಲ್ಯಾಬುಗಳಿಗೆ ಹೋಗಿ ನೋಡಿಕೊಂಡು ಬಂದರು. ಆಮೇಲೆ ವಾಸ್ತುಶಿಲ್ಪಿಯ ಜೊತೆ ಕೂತು ಒಂದೊಂದು ಕೋಣೆಯನ್ನೂ ಯೋಚಿಸಿದರು. 1874ರಲ್ಲಿ ಫ್ರೀ ಸ್ಕೂಲ್ ಲೇನ್ ಅನ್ನುವ ಕಿರುದಾರಿಯಲ್ಲಿ ಕ್ಯಾವೆಂಡಿಶ್ ಲ್ಯಾಬೊರೇಟರಿ ಶುರುವಾಯಿತು.

ಹೊರಗಿನಿಂದ ನೋಡಿದರೆ ಅದು ಚರ್ಚಿನ ಹಾಗೆ ಕಾಣುತ್ತದೆ. ಬಾಗಿಲ ಮೇಲೆ ಬೈಬಲ್ಲಿನ ಸಾಲು ಲ್ಯಾಟಿನ್‌ನಲ್ಲಿ ಕೆತ್ತಿದೆ. ಆದರೆ ಒಳಗಿನ ಲೆಕ್ಕವೇ ಬೇರೆ. ಅಲುಗಬಾರದ ಉಪಕರಣಗಳಿಗೆ ನೆಲದಿಂದ ಬೇರೆಯಾದ ಪಾಯದ ಮೇಲೆ ಕಲ್ಲುಕಂಬ. ನಮ್ಮ ತಕ್ಕಡಿ ಕೋಣೆಯದೇ ಉಪಾಯ! ಕಿಟಕಿಗಳ ಹೊರಗೆ ಅಗಲವಾದ ಕಲ್ಲಿನ ದಿಂಡು. ಅದು ಸೂರ್ಯನನ್ನೇ ಹಿಂಬಾಲಿಸುವ ಕನ್ನಡಿ ಇಡಲಿಕ್ಕೆ. ವಿದ್ಯುತ್ ದೀಪ ಇನ್ನೂ ಸಾಮಾನ್ಯವಾಗದ ಕಾಲ, ಜೋರು ಬೆಳಕು ಬೇಕೆಂದರೆ ಬಿಸಿಲನ್ನೇ ಹಿಡಿದು ಕೋಣೆಯೊಳಗೆ ಕಳಿಸಬೇಕಿತ್ತು. ಇನ್ನು ಗೋಪುರ. ಅದನ್ನು ನೋಡಿ ಚೆಂದಕ್ಕೆ ಕಟ್ಟಿದ್ದು ಅಂದುಕೊಳ್ಳುವುದು ಸುಲಭ. ಅದರೊಳಗೆ ನೀರಿನ ತೊಟ್ಟಿ ಇಟ್ಟಿದ್ದರು. 50 ಅಡಿಗೂ ಹೆಚ್ಚು ಎತ್ತರದಿಂದ ಬೀಳುವ ನೀರಿನ ರಭಸದಿಂದ ಗಾಜಿನ ಪಾತ್ರೆಯೊಳಗಿನ ಗಾಳಿಯನ್ನು ಎಳೆದು ತೆಗೆಯುವ ಪಂಪು ನಡೆಯಬೇಕಿತ್ತು.

ಗಾಳಿ ತೆಗೆದ ಗಾಜಿನ ಕೊಳವೆ ಅಂದಕೂಡಲೇ ನನಗೆ 1897 ನೆನಪಾಗುತ್ತದೆ. ಅದೇ ಕಟ್ಟಡದಲ್ಲಿ, ಅಂಥದೇ ಕೊಳವೆಯಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದರು. 1932ರಲ್ಲಿ ಚಾಡ್ವಿಕ್ ನ್ಯೂಟ್ರಾನ್ ಕಂಡುಹಿಡಿದದ್ದು ಇದೇ ಆವರಣದಲ್ಲಿ. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎಯ ಮಾದರಿ ಕಟ್ಟಿದ್ದೂ ಇಲ್ಲೇ. ಮ್ಯಾಕ್ಸ್‌ವೆಲ್ ಇದ್ಯಾವುದನ್ನೂ ನೋಡಲಿಲ್ಲ. 1879ರಲ್ಲಿ, 48ನೇ ವಯಸ್ಸಿಗೇ ಹೋಗಿಬಿಟ್ಟರು. ಮುಂದೆ ಬರುವವರು ಏನು ಹುಡುಕುತ್ತಾರೆ ಅಂತ ಗೊತ್ತಿಲ್ಲದೆಯೂ ಅವರಿಗೆ ಏನು ಬೇಕಾಗುತ್ತದೆ ಅಂತ ಯೋಚಿಸಿ ಕಟ್ಟಿಸಿದ್ದರಲ್ಲ, ಅದು ನನಗೆ ಅವರ ಸಮೀಕರಣಗಳಷ್ಟೇ ದೊಡ್ಡದಾಗಿ ಕಾಣುತ್ತದೆ.

ಕೆಮಿಸ್ಟ್ರಿಯವರ ಚಿಂತೆ ಬೇರೆ. ಅವರಿಗೆ ಅಲುಗಾಟಕ್ಕಿಂತ ಹೊಗೆಯ ಕಾಟ ಜಾಸ್ತಿ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ತಯಾರಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ವಾಸನೆ ಬಟ್ಟೆಗೆ ಅಂಟಿ ಮನೆವರೆಗೂ ಬರುತ್ತಿತ್ತು. ಜರ್ಮನಿಯ ಗೀಸೆನ್‌ನಲ್ಲಿ ಯುಸ್ಟುಸ್ ಲೀಬಿಗ್ 1824ರಲ್ಲಿ, ಇನ್ನೂ 21 ವರ್ಷದ ಹುಡುಗನಾಗಿದ್ದಾಗ, ಪ್ರೊಫೆಸರ್ ಆಗಿ ಬಂದು ಸೇರಿದ. ಅವನಿಗೆ ಸಿಕ್ಕಿದ್ದು ಸೈನಿಕರ ಹಳೇ ಕಾವಲು ಕಟ್ಟಡ. ಅದರಲ್ಲೇ ಲ್ಯಾಬ್ ಮಾಡಿಕೊಂಡ. ಅಲ್ಲಿಯವರೆಗೆ ಎಷ್ಟೋ ಕಡೆ ಮೇಷ್ಟ್ರು ಪ್ರಯೋಗ ಮಾಡುವುದು, ಹುಡುಗರು ಕೂತು ನೋಡುವುದು ಅಷ್ಟೇ ಇತ್ತು. ಲೀಬಿಗ್ ಹುಡುಗರ ಕೈಗೇ ಗಾಜಿನ ಪಾತ್ರೆ ಕೊಟ್ಟ. ಅಷ್ಟು ಜನ ಒಟ್ಟಿಗೆ ಕೆಲಸ ಮಾಡಿದರೆ ಹೊಗೆ ಎಲ್ಲಿ ಹೋಗಬೇಕು? 1839ರಲ್ಲಿ ಕಟ್ಟಿದ ಹೊಸ ಭಾಗದಲ್ಲಿ ಗಾಜು ಹಾಕಿದ ಹೊಗೆಗೂಡುಗಳನ್ನು ಇಟ್ಟರು. ನಾವು ಇವತ್ತು ಫ್ಯೂಮ್ ಹುಡ್ ಅನ್ನುವುದರ ಅಜ್ಜ ಅದು. ಎರಡನೇ ಮಹಾಯುದ್ಧದಲ್ಲಿ ಗೀಸೆನ್ ಬಹುಪಾಲು ಹಾಳಾದರೂ ಈ ಕಟ್ಟಡ ಉಳಿದುಕೊಂಡಿತು. ಈಗ ಅದು ಮ್ಯೂಸಿಯಂ.

ಆಕ್ಸ್‌ಫರ್ಡಿನವರು ಇದಕ್ಕೆ ಇನ್ನೊಂದು ಉತ್ತರ ಕಂಡುಕೊಂಡರು, ನನಗೆ ತುಂಬಾ ಇಷ್ಟವಾದ ಉತ್ತರ. 1860ರಲ್ಲಿ ಅಲ್ಲಿ ಎಲ್ಲಾ ವಿಜ್ಞಾನಗಳಿಗೂ ಸೇರಿ ಒಂದು ದೊಡ್ಡ ಮ್ಯೂಸಿಯಂ ಕಟ್ಟಡ ಎದ್ದಿತು. ಕೆಮಿಸ್ಟ್ರಿಯನ್ನು ಮಾತ್ರ ಪಕ್ಕಕ್ಕೆ ಸರಿಸಿ ಬೇರೆಯಾಗಿ ಕಟ್ಟಿದರು. ವಾಸನೆ, ಸ್ಫೋಟ ಎರಡರ ಭಯವೂ ಇತ್ತು. ಅದಕ್ಕೆ ಮಾದರಿಯಾಗಿ ಆರಿಸಿಕೊಂಡದ್ದು ಒಂದು ಅಡುಗೆಮನೆ! ಗ್ಲಾಸ್ಟನ್‌ಬರಿ ಅನ್ನುವ ಊರಿನಲ್ಲಿ 14ನೇ ಶತಮಾನದ ಒಂದು ಮಠದ ಅಡುಗೆಮನೆ ಇದೆ. ದೊಡ್ಡ ದೊಡ್ಡ ಒಲೆಗಳ ಹೊಗೆಯನ್ನೆಲ್ಲ ಮೇಲಕ್ಕೆಳೆದು ಹೊರಗೆ ಕಳಿಸುವ ಎಂಟು ಮೂಲೆಯ ಚಾವಣಿ ಅದಕ್ಕೆ. ಹೊಗೆಯನ್ನು ಚೆನ್ನಾಗಿ ಬಲ್ಲವರು ಅಡುಗೆಯವರೇ ಅಲ್ವಾ?

ಗ್ಯಾಲರಿಯದೂ ಹೀಗೇ ಒಂದು ಕಥೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಬೆಂಚುಗಳು, ಕೆಳಗೆ ಮಧ್ಯದಲ್ಲಿ ಮೇಷ್ಟ್ರ ಉದ್ದನೆಯ ಮೇಜು, ಆ ಮೇಜಿಗೇ ನಲ್ಲಿ, ಗ್ಯಾಸು, ತೊಟ್ಟಿ. ಇಟಲಿಯ ಪಾದುವಾದಲ್ಲಿ 16ನೇ ಶತಮಾನದ ಕೊನೆಗೆ ಕಟ್ಟಿದ ಅಂಗರಚನಾ ಗ್ಯಾಲರಿ ಇನ್ನೂ ಇದೆ. ಒಂದರ ಮೇಲೊಂದು ಆರು ಸುತ್ತು. ಕೆಳಗೆ ಒಂದು ದೇಹ, ಸುತ್ತಲೂ ನಿಂತು ಬಗ್ಗಿ ನೋಡುವ ಹುಡುಗರು. ಹಿಂದಿನವನಿಗೂ ಕಾಣಬೇಕು. ಆ ಒಂದು ಆಸೆಯಿಂದ ಹುಟ್ಟಿದ ಆಕಾರ ಇದು. ನಮ್ಮ ಕಾಲೇಜಿನ ಗ್ಯಾಲರಿಯಲ್ಲಿ ಕೊನೆಯ ಸಾಲಿನ ಬೆಂಚು ಸವೆದು ನುಣ್ಣಗಾಗಿತ್ತು. ಅಲ್ಲಿ ಕೂತು ನಾನು ಸೋಡಿಯಂ ಚೂರು ನೀರಿನ ಮೇಲೆ ಓಡುವುದನ್ನು ನೋಡಿದ್ದೇನೆ. ನೂರು ಜನ ಒಟ್ಟಿಗೆ ಉಸಿರು ಬಿಗಿಹಿಡಿದು ಕೂತಿದ್ದೆವು. ಪರದೆಯ ಮೇಲೆ ವಿಡಿಯೋ ನೋಡುವಾಗ ನನಗೆ ಆ ಬಿಗಿ ಯಾವತ್ತೂ ಸಿಕ್ಕಿಲ್ಲ.

ಕಟ್ಟಡದ ಹೊರಗಿರುವ ಊರಿಗೆ ಇದೆಲ್ಲ ಹೇಗೆ ಕಂಡಿರಬೇಕು? ನೆದರ್‌ಲೆಂಡ್ಸಿನ ಲೈಡನ್ ಊರಿನ ಕಥೆ ಕೇಳಿ. 1807ರಲ್ಲಿ ಅಲ್ಲಿನ ಕಾಲುವೆಯಲ್ಲಿ ಮದ್ದಿನ ಪುಡಿ ತುಂಬಿದ ದೋಣಿಯೊಂದು ಸಿಡಿದು ಸುಮಾರು 150 ಜನ ಸತ್ತರು. ಬೀದಿಗೆ ಬೀದಿಯೇ ನೆಲಸಮವಾಯಿತು. ಆ ಜಾಗ ಬಹಳ ಕಾಲ ಖಾಲಿ ಬಿದ್ದಿತ್ತು. ಕೊನೆಗೆ ವಿಶ್ವವಿದ್ಯಾಲಯದ ಫಿಸಿಕ್ಸ್ ಲ್ಯಾಬ್ ಎದ್ದದ್ದು ಅಲ್ಲೇ. 1890ರ ದಶಕದಲ್ಲಿ ಹೈಕೆ ಕಾಮರ್ಲಿಂಗ್ ಓನ್ನೆಸ್ ಅಲ್ಲಿ ಅನಿಲಗಳನ್ನು ಒತ್ತಡಕ್ಕೆ ಸಿಕ್ಕಿಸಿ ತಣ್ಣಗೆ ಮಾಡುತ್ತಿದ್ದಾರೆ ಅಂತ ಊರಿನವರಿಗೆ ಗೊತ್ತಾಯಿತು. ಮತ್ತೆ ಸಿಡಿದರೆ? ಊರಿನ ಭಯ ಸುಳ್ಳಲ್ಲ, ಅಜ್ಜಂದಿರು ಕಣ್ಣಾರೆ ಕಂಡದ್ದು. 1895ರಿಂದ 1898ರವರೆಗೆ ಕೆಲಸ ನಿಂತೇಹೋಯಿತು. ಪರಿಶೀಲನೆಗೆ ಸಮಿತಿ ಬಂತು, ಅದರಲ್ಲಿ ಅನಿಲಗಳ ಗುಣ ಬಲ್ಲ ಭೌತವಿಜ್ಞಾನಿ ವಾನ್ ಡೆರ್ ವಾಲ್ಸ್ ಇದ್ದರು. ಕೊನೆಗೆ ಅನುಮತಿ ಸಿಕ್ಕಿತು. 1908ರ ಜುಲೈ 10ರಂದು ಅದೇ ಕಟ್ಟಡದಲ್ಲಿ ಹೀಲಿಯಂ ಮೊದಲ ಸಲ ದ್ರವವಾಯಿತು, ಸೊನ್ನೆಗಿಂತ 269 ಡಿಗ್ರಿ ಕೆಳಗೆ. ಮೂರು ವರ್ಷದ ನಂತರ ಅಲ್ಲೇ ಪಾದರಸದಲ್ಲಿ ವಿದ್ಯುತ್ತಿಗೆ ಇರುವ ತಡೆ ಪೂರ್ತಿ ಮಾಯವಾಗುವುದನ್ನು ಕಂಡರು. ಈಗ ಅಲ್ಲಿ ಕಾನೂನು ಓದುತ್ತಾರೆ. ಕಟ್ಟಡಕ್ಕೆ ಓನ್ನೆಸ್ ಹೆಸರು ಉಳಿದಿದೆ.

ಕೆಲಸ ಬಿಟ್ಟು ಹೋದ ಮೇಲೂ ಇಂಥ ಕಟ್ಟಡಗಳಲ್ಲಿ ಕೆಲಸದ ಗುರುತು ಉಳಿದಿರುತ್ತದೆ, ಒಳ್ಳೆಯದೂ ಕೆಟ್ಟದ್ದೂ. ಹಳೇ ಲ್ಯಾಬಿನ ಹಲಗೆ ಎತ್ತಿದರೆ ಕೆಳಗೆ ಪಾದರಸದ ಹನಿಗಳು ಸಿಗುವುದು ಮಾಮೂಲು. ಥರ್ಮಾಮೀಟರ್ ಒಡೆದಾಗಲೆಲ್ಲ ಸಂದಿಗೆ ಉರುಳಿಹೋದವು ಅವು, ನಮ್ಮ ಪೆನ್ಸಿಲಿನ ಹಾಗೆ. ಮ್ಯಾಂಚೆಸ್ಟರಿನಲ್ಲಿ ರುದರ್‌ಫರ್ಡ್ 1907ರಿಂದ 1919ರವರೆಗೆ ಕೆಲಸ ಮಾಡಿದ ಕಟ್ಟಡವಿದೆ. ಪರಮಾಣುವಿನ ನಡುವೆ ಪುಟ್ಟ ಗಟ್ಟಿ ಬೀಜ ಇದೆ ಅಂತ ಲೋಕಕ್ಕೆ ಗೊತ್ತಾದದ್ದು ಅಲ್ಲಿಂದ. ಎಷ್ಟೋ ದಶಕದ ಮೇಲೂ ಅಲ್ಲಿನ ಕೆಲವು ಕೋಣೆಗಳಲ್ಲಿ ವಿಕಿರಣದ ಕುರುಹು ಸಿಕ್ಕಿ, ಶುಚಿಮಾಡಬೇಕಾಯಿತು. ಪ್ಯಾರಿಸ್ಸಿನಲ್ಲಿ ಮೇರಿ ಕ್ಯೂರಿಯ ನೋಟ್‌ಬುಕ್ಕುಗಳು ಇವತ್ತಿಗೂ ಸೀಸದ ಪೆಟ್ಟಿಗೆಯಲ್ಲಿವೆ. ಅವಕ್ಕೆ ಅಂಟಿದ ರೇಡಿಯಂ ಅರ್ಧಕ್ಕಿಳಿಯಲು ಸುಮಾರು 1,600 ವರ್ಷ ಬೇಕು. ಆಕೆ ದುಡಿದ ಶೆಡ್ಡು ಮಾತ್ರ ಉಳಿಯಲಿಲ್ಲ. ಅದು ಮೊದಲು ಹೆಣ ಕುಯ್ಯುವ ಕೋಣೆಯಾಗಿತ್ತು, ಮಾಡು ಸೋರುತ್ತಿತ್ತು. ಸೋರುವ ಮಾಡಿನ ಕೆಳಗೆ ಟನ್‌ಗಟ್ಟಲೆ ಅದಿರಿನ ಕಸವನ್ನು ಕುದಿಸಿ, ಸೋಸಿ, 1902ರ ಹೊತ್ತಿಗೆ ಸಿಕ್ಕಿದ್ದು 0.1 ಗ್ರಾಂ ರೇಡಿಯಂ ಕ್ಲೋರೈಡ್.

ಆ 0.1 ಗ್ರಾಮನ್ನೂ ಎಲ್ಲೋ ಇಟ್ಟು ತೂಗಲೇಬೇಕಿತ್ತಲ್ಲ. ಹೀಗೆ ಯೋಚಿಸುವಾಗ ನನಗೆ ಚಿಕಾಗೋ ವಿಶ್ವವಿದ್ಯಾಲಯದ ಜೋನ್ಸ್ ಲ್ಯಾಬೊರೇಟರಿಯ 405ನೇ ಕೋಣೆ ನೆನಪಾಗುತ್ತದೆ. ಅದೊಂದು ಗೂಡಿನಂಥ ಪುಟ್ಟ ಕೋಣೆ. 1942ರ ಸೆಪ್ಟೆಂಬರ್ 10ರಂದು ಅಲ್ಲಿ ಮನುಷ್ಯ ಮಾಡಿದ ಪ್ಲುಟೋನಿಯಂ ಸಂಯುಕ್ತವನ್ನು ಮೊದಲ ಸಲ ತೂಗಿದರು. ತೂಕ 2.77 ಮೈಕ್ರೋಗ್ರಾಂ. ಅಂದರೆ ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಮೂರು ಪಾಲೂ ಇಲ್ಲ. ಆ ಕೋಣೆಯನ್ನೇ ಹಿಡಿದದ್ದು ಯಾಕೆ ಗೊತ್ತಾ? ಅಲ್ಲಿ ಭಾರವಾದ ಒಂದು ಕಾಂಕ್ರೀಟ್ ಕಟ್ಟೆ ಇತ್ತು, ಅದು ಅಲುಗುತ್ತಿರಲಿಲ್ಲ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎರಡು ಬಟ್ಟಲು ನೀರು ಕಣ್ಣ ಮುಂದೆ ಬಂತು. ಆ ಕಟ್ಟೆಯ ಮೇಲೆ ತೂಗಿದ ಚೂರಿನಿಂದ ಮೂರೇ ವರ್ಷದಲ್ಲಿ ಪ್ಲುಟೋನಿಯಂ ಬಾಂಬು ಬಿದ್ದ ನಾಗಾಸಾಕಿಯವರೆಗಿನ ದಾರಿ ಸಾಗಿತು. ಕಲ್ಲು ಅಲುಗದೆ ನಿಂತಿತು. ಅದರ ಮೇಲೆ ಏನಿಡಬೇಕು ಅನ್ನುವುದು ಮನುಷ್ಯರ ಮಾತು. ಆ ಕೋಣೆ ಈಗ ಅಮೆರಿಕದ ರಾಷ್ಟ್ರೀಯ ಸ್ಮಾರಕಗಳ ಪಟ್ಟಿಯಲ್ಲಿದೆ. ಬರ್ಕ್ಲಿಯ ಗಿಲ್ಮನ್ ಹಾಲಿನ 307ನೇ ಕೋಣೆಯೂ ಅಷ್ಟೇ, 1941ರಲ್ಲಿ ಪ್ಲುಟೋನಿಯಂ ಮೊದಲು ಗುರುತು ಸಿಕ್ಕ ಜಾಗ. ಇಡೀ ಕಟ್ಟಡ ಬಿಟ್ಟು ಒಂದೊಂದು ಕೋಣೆಯನ್ನೇ ಸ್ಮಾರಕ ಅಂತ ಕರೆದದ್ದು ನನಗೆ ಸರಿಯಾಗಿ ಕಾಣುತ್ತದೆ.

ಯಾಕೆಂದರೆ ಉಳಿದ ಕಡೆ ಉಳಿಸುವುದು ಮುಖವನ್ನು ಮಾತ್ರ. ಹಳೇ ಸೈನ್ಸ್ ಬ್ಲಾಕ್ ರಿಪೇರಿ ಅಂದರೆ ಮುಂಭಾಗದ ಗಾರೆ ಸರಿಮಾಡಿ ಬಣ್ಣ ಬಳಿದು ಒಂದು ಫಲಕ ಹಾಕುತ್ತಾರೆ. ಒಳಗೆ ಎಲ್ಲವನ್ನೂ ಕಿತ್ತು ಫಾಲ್ಸ್ ಸೀಲಿಂಗ್ ಹೊಡೆಯುತ್ತಾರೆ. ಎತ್ತರದ ಚಾವಣಿ ಬಿಸಿಗಾಳಿ, ಹೊಗೆ ಮೇಲೆ ಹೋಗಲಿ ಅಂತ ಇಟ್ಟದ್ದು. ಉತ್ತರದ ಕಿಟಕಿ ನೇರ ಬಿಸಿಲು ಬೀಳದೆ ದಿನವಿಡೀ ಒಂದೇ ಹದದ ಬೆಳಕು ಬರಲಿ ಅಂತ ಇಟ್ಟದ್ದು. ಅಯಸ್ಕಾಂತದ ಕೋಣೆಗೆ ಕಬ್ಬಿಣದ ಬದಲು ತಾಮ್ರದ ಮೊಳೆ ಹೊಡೆಯುತ್ತಿದ್ದರು. ಇದನ್ನೆಲ್ಲ ಯಾರೂ ಬರೆದಿಡದೆ ಗುಜರಿಗೆ ಹಾಕಿದರೆ, ಆಮೇಲೆ ಫಲಕದ ಮೇಲೆ ಏನು ಬರೆದು ಏನು ಪ್ರಯೋಜನ? ನನಗೆ ಇದು ನಿಜಕ್ಕೂ ಸಂಕಟ ಕೊಡುವ ವಿಷಯ. ಆಕ್ಸ್‌ಫರ್ಡಿನ ಕ್ಲಾರೆಂಡನ್ ಲ್ಯಾಬಿನಲ್ಲಿ ಒಂದು ವಿದ್ಯುತ್ ಗಂಟೆ ಇದೆ, 1840ರಿಂದ ಹೆಚ್ಚುಕಡಿಮೆ ನಿಲ್ಲದೆ ಬಡಿಯುತ್ತಾ ಬಂದದ್ದು. ಒಂದು ಪುಟ್ಟ ಲೋಹದ ಗುಂಡು ಎರಡು ಗಂಟೆಗಳ ನಡುವೆ ತೂಗುತ್ತದೆ. ಎರಡು ಪದರ ಗಾಜಿನ ಹಿಂದೆ ಇರುವುದರಿಂದ ಸದ್ದು ಕೇಳಿಸುವುದಿಲ್ಲ. ಅದರ ಬ್ಯಾಟರಿ ಒಳಗೆ ಏನಿದೆ ಅಂತ ನೋಡಲು ಬಿಚ್ಚಬೇಕು, ಬಿಚ್ಚಿದರೆ ಗಂಟೆ ನಿಲ್ಲುತ್ತದೆ. ಹಾಗಾಗಿ ಯಾರೂ ಬಿಚ್ಚಿಲ್ಲ. ಉಳಿಸುವ ಮನಸ್ಸು ಅಂದರೆ ನನ್ನ ಮಟ್ಟಿಗೆ ಅದು.

ಕಳೆದ ವರ್ಷ ನಮ್ಮ ಕಾಲೇಜಿನ ಸೈನ್ಸ್ ಬ್ಲಾಕಿಗೂ ರಿಪೇರಿಯ ಸರದಿ ಬಂತು. ತಕ್ಕಡಿ ಕೋಣೆಯಲ್ಲಿ ಹಲಗೆ ತೆಗೆದು ಕಾಂಕ್ರೀಟ್ ಹಾಕಿ ಟೈಲ್ಸ್ ಹಾಸುವ ಯೋಜನೆ. ಕೇಳಿಕೊಂಡಾಗ ಒಂದು ದಿನ ಒಳಗೆ ಬಿಟ್ಟರು. ಇಬ್ಬರು ಗೆಳೆಯರ ಜೊತೆ ಟೇಪು, ನೋಟ್‌ಬುಕ್ಕು ಹಿಡಿದು ಹೋದೆ. ಗ್ಯಾಲರಿಯ ಮೆಟ್ಟಿಲು, ಹೊಗೆಗೂಡಿನ ಬಾಯಿ, ಆಸಿಡ್ ಬಿದ್ದು ತೂತಾದ ಮೇಜು, ಎಲ್ಲದರ ಅಳತೆ ಬರೆದುಕೊಂಡೆವು. ಮಧ್ಯಾಹ್ನ ತಕ್ಕಡಿ ಕೋಣೆಗೆ ಬಂದಾಗ ಹಲಗೆ ಆಗಲೇ ಎತ್ತಿಯಾಗಿತ್ತು.

ಆವತ್ತೇ ಮೊದಲ ಸಲ ಆ ಕಂಬಗಳ ಪೂರ್ತಿ ಮೈ ನೋಡಿದ್ದು. ನಾವು ನೋಡುತ್ತಿದ್ದದ್ದು ಮೇಲಿನ ಎರಡೂವರೆ ಅಡಿ ಮಾತ್ರ. ಕೆಳಗೆ ಇನ್ನೂ ಅಗಲವಾಗುತ್ತಾ ಅವು ಮಣ್ಣೊಳಗೆ ಇಳಿದಿದ್ದವು. ಸುತ್ತ ಮರಳು ತುಂಬಿದ್ದರು. ಮರಳಿನ ಮೇಲೆ ಮೂರು ಪೆನ್ಸಿಲ್, ಒಂದು ತುಕ್ಕು ಹಿಡಿದ ಚಿಮುಟ, ಒಂದು ಎರಡು ಗ್ರಾಮಿನ ಬಟ್ಟು.

ಮೇಸ್ತ್ರಿ ಮೊಣಕಾಲೂರಿ ಕೂತು ಕಂಬದ ಸುತ್ತಲಿನ ಮರಳಿನೊಳಗೆ ಕೈ ಇಳಿಸಿದರು. ಮುಂಗೈ ಪೂರ್ತಿ ಹೋಯಿತು. "ಇದನ್ನ ಬೇಕು ಅಂತಾನೇ ಬಿಟ್ಟವ್ರೆ, ಅಲ್ವಾ ಸಾರ್?" ಅಂದರು. ಹೌದು ಅಂದೆ. ತಕ್ಕಡಿಯ ವಿಷಯ, ಬಟ್ಟಲಿನ ವಿಷಯ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಪ್ಲಾನಿನಲ್ಲಿ ಸಂದು ಇರಲಿಲ್ಲ. ಕಾಂಕ್ರೀಟ್ ಕಂಬಕ್ಕೆ ತಾಗುವ ಹಾಗೇ ಸುರಿಯಬೇಕಿತ್ತು. ಮೇಸ್ತ್ರಿ ಎದ್ದು ಹೋಗಿ ಎಂಜಿನಿಯರಿಗೆ ಫೋನ್ ಮಾಡಿದರು. ಸ್ವಲ್ಪ ಹೊತ್ತು ಮಾತಾದ ಮೇಲೆ ಹೊರಗಿನಿಂದ ಒಂದು ಥರ್ಮೋಕೋಲ್ ಹಾಳೆ ತಂದರು. ಚಾಕುವಿನಿಂದ ಪಟ್ಟಿ ಪಟ್ಟಿ ಕೊಯ್ದು ಮೂರೂ ಕಂಬದ ಸುತ್ತ ನಿಲ್ಲಿಸಿದರು. ಅಗಲ ಎಷ್ಟಿರಲಿ ಅಂತ ಕೇಳಿದರು. ನಾನು ಬೆರಳು ತೋರಿಸಿದೆ.